ಪುಟ ತುಂಬಿದರೆ ಕಣ್ಣು ತೆರೆಯುವುದಿಲ್ಲ

ಚಿತ್ರ ಕಲಿಯಲು ಬಂದವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ದಿನಾ ಡ್ರಾಯಿಂಗ್ ಮಾಡು, ಪೇಂಟಿಂಗ್ ತಾನಾಗಿ ಬರುತ್ತದೆ. ಬಣ್ಣ ಯಾಕೆ ಕೆಸರಾಗುತ್ತಿದೆ ಎಂದು ವಿದ್ಯಾರ್ಥಿ ಕೇಳಿದರೂ ಇದೇ ಉತ್ತರ. ಬರೆದ ಮುಖದಲ್ಲಿ ಯಾಕೆ ಜೀವವಿಲ್ಲ ಎಂದರೂ ಇದೇ. ಹಿಂದೆ ಇರಬೇಕಾದ ಗುಡ್ಡ ಮುಂದಿನ ಮರದ ಮೇಲೆ ಬಂದು ಕೂತಿದೆಯಲ್ಲ, ಏನು ಮಾಡಲಿ ಎಂದರೂ ಇದೇ. ಕಲಾಶಾಲೆಯ ಮೊದಲ ವರ್ಷದಲ್ಲಿ ಈ ಮಾತು ಲೆಕ್ಕಕ್ಕಿಳಿಯುತ್ತದೆ: ದಿನಕ್ಕೆ ಇಷ್ಟು ರ‍್ಯಾಪಿಡ್ ಸ್ಕೆಚ್, ಸಬ್ಮಿಷನ್ ದಿನಕ್ಕೆ ಒಟ್ಟು ಇಷ್ಟು. ಮಕ್ಕಳು ಬಸ್ ನಿಲ್ದಾಣದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ, ಮಾರುಕಟ್ಟೆಯ ಮೆಟ್ಟಿಲ ಮೇಲೆ ಕೂತು ಪುಟ ತುಂಬುತ್ತಾರೆ. ಸಬ್ಮಿಷನ್ನಿನ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ, ಎದುರಿಗೆ ಯಾರೂ ಇಲ್ಲದೆ, ಉಳಿದ ಪುಟಗಳನ್ನೂ ತುಂಬುತ್ತಾರೆ. ಶಾಲೆಗೆ ಹೋಗದೆ ಕಲಿಯುವವರಿಗೆ ಇಂಕ್ಟೋಬರ್ ಇದೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ತನ್ನ ಶಾಯಿಗೆಲಸ ಸುಧಾರಿಸಿಕೊಳ್ಳಲು ಹೂಡಿದ ಒಂದು ತಿಂಗಳ ವ್ರತ ಇವತ್ತು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಸಾವಿರಾರು ಮನೆಗಳಲ್ಲಿ ನಡೆಯುತ್ತದೆ. ಒಂದು ದಿನ ತಪ್ಪಿದರೆ ವ್ರತಭಂಗವಾಯಿತೆಂದು ಮುಖ ಸಣ್ಣದು ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ.

ಈ ಉಪದೇಶ ತಪ್ಪು ಎಂಬುದು ನನ್ನ ವಾದ. ಡ್ರಾಯಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ. ಡ್ರಾಯಿಂಗ್ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ: ದಿನವೂ ಬರೆಯುತ್ತಾ ಹೋದರೆ ಸಾಕು, ಚಿತ್ರಕಾರ ತಾನಾಗಿ ಬೆಳೆಯುತ್ತಾನೆ ಎಂಬ ನಂಬಿಕೆಗೆ ಬುಡವಿಲ್ಲ. ಅದರಿಂದ ಎರಡು ಕಡೆ ನಷ್ಟವಾಗುತ್ತಿದೆ. ತಿದ್ದುವವರಿಲ್ಲದ ನಿತ್ಯದ ರೂಢಿ ಕೈಯಲ್ಲಿರುವ ತಪ್ಪನ್ನೇ ಗಟ್ಟಿ ಮಾಡುತ್ತದೆ. ಇನ್ನೊಂದು ಕಡೆ, ಬಣ್ಣದಲ್ಲಿ ಎದ್ದ ಪ್ರಶ್ನೆಯನ್ನು ಬಣ್ಣದಲ್ಲೇ ಬಿಡಿಸಬೇಕು ಎಂಬ ಸರಳ ಸಂಗತಿ ಮರೆತುಹೋಗುತ್ತದೆ.

ಮೊದಲನೆಯದನ್ನು ಒಂದು ಚೊಂಬಿನಲ್ಲೇ ನೋಡಬಹುದು. ಮೇಜಿನ ಮೇಲೆ ಹಿತ್ತಾಳೆಯ ಚೊಂಬು ಇಟ್ಟು ಹೊಸಬರಿಗೆ ಬರೆಯಲು ಹೇಳಿ. ಬಾಯಿಯನ್ನು ಅಂಡಾಕಾರವಾಗಿ ಬರೆಯುತ್ತಾರೆ, ಆದರೆ ಎರಡು ತುದಿಗಳು ಮೀನಿನ ಬಾಲದ ಹಾಗೆ ಚೂಪಾಗುತ್ತವೆ. ತಳಕ್ಕೆ ಬಂದಾಗ ನೇರ ಗೆರೆ ಎಳೆದುಬಿಡುತ್ತಾರೆ. ಯಾಕೆಂದರೆ ಚೊಂಬು ಮೇಜಿನ ಮೇಲೆ ಸಮವಾಗಿ ಕೂತಿದೆ ಎಂದು ಅವರಿಗೆ ಗೊತ್ತು; ಗೊತ್ತಿದ್ದುದನ್ನು ಕೈ ಬರೆಯುತ್ತದೆ, ಕಂಡದ್ದನ್ನು ಬರೆಯುವುದಿಲ್ಲ. ನಿಜದಲ್ಲಿ ಬಾಯಿಗಿಂತ ತಳದ ದುಂಡು ಹೆಚ್ಚು ತೆರೆದುಕೊಂಡಿರುತ್ತದೆ, ಯಾಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಇದೇ ವಿದ್ಯಾರ್ಥಿ ವರ್ಷವಿಡೀ ದಿನಕ್ಕೊಂದು ಪಾತ್ರೆ ಬರೆದನೆನ್ನಿ. ಯಾರೂ ಪಕ್ಕದಲ್ಲಿ ಕೂತು ಆ ತಳದ ಗೆರೆಯನ್ನು ತೋರಿಸದಿದ್ದರೆ ವರ್ಷದ ಕೊನೆಗೆ ಅವನು ಅದೇ ಚೂಪು ತುದಿಯ ಬಾಯಿಯನ್ನು, ಅದೇ ನೇರ ತಳವನ್ನು ಬರೆಯುತ್ತಾನೆ. ಆದರೆ ಈಗ ವೇಗವಾಗಿ ಬರೆಯುತ್ತಾನೆ, ಧೈರ್ಯವಾಗಿ ಬರೆಯುತ್ತಾನೆ, ಗೆರೆ ನಡುಗುವುದಿಲ್ಲ. ನೋಡಿದವರು ಕೈ ಪಳಗಿದೆ ಎನ್ನುತ್ತಾರೆ. ಪಳಗಿದ್ದು ತಪ್ಪು.

ಮುಖದ ಚಿತ್ರಗಳಲ್ಲೂ ಹೀಗೇ. ಕಣ್ಣುಗಳು ತಲೆಯ ಎತ್ತರದ ಸುಮಾರು ಮಧ್ಯದಲ್ಲಿರುತ್ತವೆ. ಹೊಸಬರೆಲ್ಲ ಅವನ್ನು ಮೇಲಕ್ಕೆ ಹತ್ತಿಸುತ್ತಾರೆ; ಹಣೆಯೂ ನೆತ್ತಿಯೂ ಅವರ ಮನಸ್ಸಿಗೆ ಮುಖ್ಯವಲ್ಲ, ಕಣ್ಣು ಮೂಗು ಬಾಯಿ ಮುಖ್ಯ. ಪ್ಲಾಟ್‌ಫಾರ್ಮಿನಲ್ಲಿ ಬರೆದ ನೂರಾರು ಮುಖಗಳ ಪುಸ್ತಕ ತಿರುವಿದರೆ ನೂರಾರು ಜನರ ನೆತ್ತಿ ಕತ್ತರಿಸಿದ ತಲೆಗಳು ಸಿಗುತ್ತವೆ. ಎಣಿಕೆಗೆ ಇದು ಕಾಣುವುದಿಲ್ಲ. ಇಷ್ಟು ಪುಟ ಆಯಿತೇ ಎಂದು ಮಾತ್ರ ಅದು ಕೇಳುತ್ತದೆ.

ಎಣಿಕೆಯ ಪರ ವಾದಿಸುವವರು ವಿಜ್ಞಾನದ ಬಲವಿದೆ ಎಂದು, ಯಾವ ವಿದ್ಯೆಯೂ ಹತ್ತು ಸಾವಿರ ಗಂಟೆಗಳ ಅಭ್ಯಾಸದಿಂದ ಕೈಗೂಡುತ್ತದೆ ಎಂಬ ಮಾತೆತ್ತುತ್ತಾರೆ. ಆ ಸಂಖ್ಯೆ ಬಂದದ್ದು 1993ರಲ್ಲಿ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಿಂದ. ಅದನ್ನು ಜನಜನಿತ ಮಾಡಿದ್ದು ಮಾಲ್ಕಮ್ ಗ್ಲ್ಯಾಡ್‌ವೆಲ್‌ರ 2008ರ ಪುಸ್ತಕ. ತನ್ನ ಅಧ್ಯಯನವನ್ನು ಹೀಗೆ ಹಿಂಡಿ ನಿಯಮ ಮಾಡಿದ್ದನ್ನು ಎರಿಕ್ಸನ್ ಒಪ್ಪಲಿಲ್ಲ. ಹತ್ತು ಸಾವಿರ ಎಂಬುದು ಅತ್ಯುತ್ತಮ ವಾದಕರು ಇಪ್ಪತ್ತರ ವಯಸ್ಸಿಗೆ ಮುಟ್ಟಿದ್ದ ಸರಾಸರಿ; ಅವರಲ್ಲೇ ಹಲವರು ಅಷ್ಟು ಮುಟ್ಟಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಸಂಶೋಧಕರು ಲೆಕ್ಕ ಹಾಕಿದ್ದು ಬರಿಯ ಬಾರಿಸುವಿಕೆಯನ್ನಲ್ಲ. ಗುರು ಗೊತ್ತುಪಡಿಸಿದ, ಈಗಿನ ಶಕ್ತಿಗೆ ಸ್ವಲ್ಪ ಮೀರಿದ, ತಪ್ಪು ಕಂಡ ಕೂಡಲೇ ನಿಲ್ಲಿಸಿ ತಿದ್ದುವ, ಖುಷಿಗಿಂತ ದಣಿವು ಹೆಚ್ಚು ಕೊಡುವ ಅಭ್ಯಾಸದ ಗಂಟೆಗಳನ್ನು. ನಮ್ಮ ಸಂಗೀತ ಪಾಠದಲ್ಲಿ ಇದು ಹೇಳಿಕೊಡಬೇಕಾದ ಸಂಗತಿಯೇ ಅಲ್ಲ. ಸರಳೆ ವರಸೆ ಹಾಡುವ ಮಗುವಿನ ಎದುರಿಗೆ ಗುರು ಕೂತಿರುತ್ತಾರೆ, ಸ್ವರ ಜಾರಿದರೆ ಅಲ್ಲೇ ತಡೆಯುತ್ತಾರೆ, ಅದೇ ಸಾಲನ್ನು ಮತ್ತೆ ಹಾಡಿಸುತ್ತಾರೆ. ಚಿತ್ರಕಲೆಗೆ ಬಂದಾಗ ಮಾತ್ರ ಗುರುವನ್ನು ಕಿತ್ತುಹಾಕಿ ಗಂಟೆಗಳನ್ನು ಉಳಿಸಿಕೊಂಡಿದ್ದೇವೆ.

ಇನ್ನೊಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಮಡಿಕೆ ತರಗತಿಯ ಒಬ್ಬ ಶಿಕ್ಷಕ ಅರ್ಧ ತರಗತಿಗೆ ತೂಕದ ಮೇಲೆ ಮಾರ್ಕ್ಸ್ ಕೊಡುತ್ತೇನೆಂದ, ಉಳಿದರ್ಧಕ್ಕೆ ಒಂದೇ ಒಂದು ಉತ್ತಮ ಮಡಿಕೆಗೆ. ಕೊನೆಗೆ ಒಳ್ಳೆಯ ಮಡಿಕೆಗಳೆಲ್ಲ ಬಂದದ್ದು ರಾಶಿ ಹಾಕಿದವರಿಂದ. ಡೇವಿಡ್ ಬೇಯ್ಲ್ಸ್ ಮತ್ತು ಟೆಡ್ ಓರ್ಲ್ಯಾಂಡ್ 1993ರಲ್ಲಿ ತಮ್ಮ ಪುಸ್ತಕದಲ್ಲಿ ಹೇಳಿದ ದೃಷ್ಟಾಂತ ಇದು. ಅದರಲ್ಲಿ ಶಿಕ್ಷಕನ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ವರ್ಷವಿಲ್ಲ. ಇದನ್ನು ಪ್ರಯೋಗವೆಂದು ಉಲ್ಲೇಖಿಸುವವರು ದೃಷ್ಟಾಂತವನ್ನು ಪುರಾವೆಯಾಗಿ ಮಾರುತ್ತಿದ್ದಾರೆ. ಇದು ಹಾಗೆಯೇ ನಡೆದಿದೆ ಎಂದು ಒಪ್ಪಿಕೊಂಡರೂ, ಮಡಿಕೆ ತನ್ನ ತಪ್ಪನ್ನು ತಾನೇ ಹೇಳುವ ವಸ್ತು. ಗೋಡೆ ತೆಳುವಾದರೆ ಚಕ್ರದ ಮೇಲೇ ಕುಸಿಯುತ್ತದೆ, ಮಣ್ಣಿನಲ್ಲಿ ತೇವ ಉಳಿದರೆ ಆವಿಗೆಯಲ್ಲಿ ಸೀಳುತ್ತದೆ, ತಳ ಸರಿಯಿಲ್ಲದಿದ್ದರೆ ನೀರು ಸೋರುತ್ತದೆ. ಬೆಂಕಿಯೇ ಅಲ್ಲಿ ಗುರು. ಕಾಗದ ಹಾಗಲ್ಲ. ತಪ್ಪು ಬರೆದ ಚೊಂಬು ಕಾಗದದ ಮೇಲೆ ಸೀಳುವುದಿಲ್ಲ, ಸೋರುವುದಿಲ್ಲ; ಬರೆದವನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕಾಗದದ ಮೇಲೆ ರಾಶಿ ಹಾಕುವುದರಿಂದ ಮಣ್ಣಿನ ಪಾಠ ಸಿಗುವುದಿಲ್ಲ.

ಎದುರಾಳಿಗಳ ಕೈಯಲ್ಲಿರುವ ದೊಡ್ಡ ಹೆಸರು ವಿನ್ಸೆಂಟ್ ವಾನ್ ಗಾಗ್. ತಡವಾಗಿ, 1880ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಚಿತ್ರಕಾರನಾಗಲು ಹೊರಟವನು, ಹಗಲಿರುಳು ಬರೆದವನು, ಹತ್ತೇ ವರ್ಷದಲ್ಲಿ ಪ್ರಪಂಚ ಮುಂದೆ ಮೆಚ್ಚಿದ ಚಿತ್ರಗಳನ್ನು ಬರೆದ. ಅವನ ಶ್ರದ್ಧೆಯ ಮುಂದೆ ತಲೆಬಾಗುತ್ತೇನೆ. ಆದರೆ ಅವನು ಏನು ಮಾಡಿದನೆಂದು ನೋಡಬೇಕು, ಎಷ್ಟು ಮಾಡಿದನೆಂದಲ್ಲ. ಮೊದಲು ಅವನು ಹಿಡಿದದ್ದು ಚಾರ್ಲ್ಸ್ ಬಾರ್ಗ್‌ನ ಪಾಠದ ಹಾಳೆಗಳನ್ನು. ಚಿತ್ರಕಾರ ಜೆರೋಮ್ ಜೊತೆಗೂಡಿ ಬಾರ್ಗ್ 1866ರಿಂದ 1871ರವರೆಗೆ ಹೊರತಂದ, ಶಿಲ್ಪದ ಅಚ್ಚುಗಳಿಂದ ಶುರುವಾಗಿ ಮನುಷ್ಯದೇಹಕ್ಕೆ ಬರುವ ಆ ಹಾಳೆಗಳಲ್ಲಿ ಮೂಲ ಪಕ್ಕದಲ್ಲೇ ಇರುತ್ತದೆ. ನಕಲು ಎಲ್ಲಿ ತಪ್ಪಿತೆಂದು ಹೋಲಿಸಿ ನೋಡಬಹುದು. ವಾನ್ ಗಾಗ್ ಅವನ್ನು ಒಂದಕ್ಕಿಂತ ಹೆಚ್ಚು ಸಲ ಬರೆದ. ಸಾಯುವ ವರ್ಷದಲ್ಲೂ, ಆ ಹೊತ್ತಿಗೆ ಸೂರ್ಯಕಾಂತಿಗಳನ್ನೂ ನಕ್ಷತ್ರದ ಇರುಳನ್ನೂ ಬರೆದು ಮುಗಿಸಿದ್ದವನು, ತಮ್ಮ ಥಿಯೋಗೆ ಅದೇ ಹಾಳೆಗಳನ್ನು ಕಳಿಸು ಎಂದು ಕೇಳಿದ. ಹೇಗ್ ನಗರದಲ್ಲಿ 1882ರಲ್ಲಿ ಮರದ ಚೌಕಟ್ಟಿಗೆ ದಾರ ಕಟ್ಟಿಸಿಕೊಂಡು, ಅದರ ಮೂಲಕ ನೋಡಿ ದೂರ ಹತ್ತಿರಗಳ ಅಳತೆ ಹಿಡಿದ. ಇವೆರಡೂ ತಪ್ಪು ಹಿಡಿಯುವ ಸಾಧನಗಳು. ವಾನ್ ಗಾಗ್ ದಿನವೂ ಬರೆದ ಎನ್ನುವವರು ಈ ಚೌಕಟ್ಟನ್ನೂ ಈ ಹಾಳೆಗಳನ್ನೂ ಕಥೆಯಿಂದ ಹೊರಗೆ ಬಿಡುತ್ತಾರೆ.

ಕಥೆಯ ಎರಡನೇ ಭಾಗ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಐದು ವರ್ಷ ಹೀಗೆ ಬರೆದ ಮೇಲೆ, 1885ರಲ್ಲಿ, ನ್ಯೂನೆನ್ ಎಂಬ ಹಳ್ಳಿಯಲ್ಲಿ ಅವನು ಆಲೂಗಡ್ಡೆ ತಿನ್ನುವವರ ಚಿತ್ರ ಬರೆದ. ದೊಡ್ಡ ಕೃತಿ, ಮಣ್ಣಿನ ಬಣ್ಣದ್ದು, ಕತ್ತಲೆಯದು. ಮುಂದಿನ ವರ್ಷ ಪ್ಯಾರಿಸ್‌ಗೆ ಬಂದಾಗ ತನ್ನ ಪ್ಯಾಲೆಟ್ ಎಷ್ಟು ಹಿಂದಿದೆ ಎಂಬುದು ಅವನ ಕಣ್ಣಿಗೆ ಬಿತ್ತು. ಆಗ ಅವನು ಇನ್ನಷ್ಟು ಪೆನ್ಸಿಲ್ ಪುಟ ತುಂಬಲು ಕೂರಲಿಲ್ಲ. ಮಾಡೆಲ್‌ಗೆ ಕೊಡಲು ದುಡ್ಡಿರಲಿಲ್ಲ, ಆದ್ದರಿಂದ 1886ರ ಬೇಸಿಗೆಯಲ್ಲಿ ಹೂಗಳನ್ನಿಟ್ಟುಕೊಂಡು ತೈಲವರ್ಣದಲ್ಲಿ ಒಂದರ ಮೇಲೊಂದು ಅಭ್ಯಾಸಚಿತ್ರ ಬರೆದ: ಕೆಂಪಿನ ಎದುರು ಹಸಿರು, ನೀಲಿಯ ಎದುರು ಕಿತ್ತಳೆ. ಬಣ್ಣಬಣ್ಣದ ಉಣ್ಣೆಯ ಉಂಡೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಯಾವುದರ ಪಕ್ಕದಲ್ಲಿ ಯಾವುದು ಉರಿಯುತ್ತದೆ, ಯಾವುದು ಆರುತ್ತದೆ ಎಂದು ಎಳೆಗಳನ್ನು ಹೆಣೆದು ನೋಡಿದ. ಆ ಪೆಟ್ಟಿಗೆ ಇವತ್ತಿಗೂ ಆಮ್‌ಸ್ಟರ್‌ಡಾಮಿನ ವಾನ್ ಗಾಗ್ ವಸ್ತುಸಂಗ್ರಹಾಲಯದಲ್ಲಿದೆ. ಸೂರ್ಯಕಾಂತಿಯ ಹಳದಿ ಬಂದದ್ದು ಆ ಪೆಟ್ಟಿಗೆಯಿಂದ, ಆ ಹೂಗಳಿಂದ. ಐದು ವರ್ಷದ ಡ್ರಾಯಿಂಗ್ ಅವನಿಗೆ ಏನೆಲ್ಲ ಕೊಟ್ಟಿತೋ, ಬಣ್ಣವನ್ನು ಕೊಡಲಿಲ್ಲ. ಬಣ್ಣವನ್ನು ಅವನು ಬೇರೆಯಾಗಿ, ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಈ ಎರಡನೇ ಪಾಠವನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಗೆರೆ ಬಂದರೆ ಬಣ್ಣ ಬರುತ್ತದೆ ಎಂದು ಅವರು ನಂಬುತ್ತಾರೆ. ವರ್ಷಗಟ್ಟಲೆ ಗೆರೆಯಲ್ಲೇ ಇದ್ದು ಒಂದು ದಿನ ಕ್ಯಾನ್ವಾಸಿನ ಮುಂದೆ ನಿಲ್ಲುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದನ್ನು ಯಾವ ವಾರ್ಷಿಕ ಪ್ರದರ್ಶನದಲ್ಲೂ ನೋಡಬಹುದು. ಅಚ್ಚುಕಟ್ಟಾದ ಹೊರಗೆರೆ, ಅದರೊಳಗೆ ತುಂಬಿದ ಬಣ್ಣ. ಮುಖದ ಅಂಚು, ಸೀರೆಯ ಅಂಚು, ಹಿಂದಿನ ಗೋಡೆಯ ಅಂಚು, ಎಲ್ಲವೂ ಒಂದೇ ಹದದಲ್ಲಿ ಹರಿತ. ಬೆಳಕಿನಲ್ಲಿ ಕರಗಬೇಕಾದ ಕೆನ್ನೆ ಕರಗುವುದಿಲ್ಲ. ನೆರಳಿನಲ್ಲಿ ಗೋಡೆಯ ಜೊತೆ ಸೇರಿಹೋಗಬೇಕಾದ ಭುಜ ಸೇರುವುದಿಲ್ಲ. ಗೆರೆಗೆ ಅಂಚು ಬೇಕು. ವರ್ಣಚಿತ್ರದ ಅರ್ಧ ವಿದ್ಯೆ ಇರುವುದು ಅಂಚನ್ನು ಎಲ್ಲಿ ಕಳೆಯಬೇಕೆಂದು ತಿಳಿಯುವುದರಲ್ಲಿ. ವರ್ಷಗಟ್ಟಲೆ ಅಂಚನ್ನೇ ಹಿಡಿದ ಕೈ ಅದನ್ನು ಬಿಡಲು ಒಪ್ಪುವುದಿಲ್ಲ.

ಇದನ್ನು ಚೆನ್ನಾಗಿ ಅರಿತವನು ಚಿತ್ರಕಾರ ಜಾರ್ಜ್ ಸೆರಾ. 1880ರ ದಶಕದ ಆರಂಭದ ಒಂದೆರಡು ವರ್ಷ ಅವನು ಹೆಚ್ಚಾಗಿ ಕಪ್ಪು ಬಿಳುಪಿನಲ್ಲೇ ಕೆಲಸ ಮಾಡಿದ. ಆದರೆ ಅವನ ಡ್ರಾಯಿಂಗ್‌ಗಳಲ್ಲಿ ಗೆರೆ ಹುಡುಕಿದರೆ ಸಿಗುವುದು ಕಷ್ಟ. ಒರಟು ಕಾಗದದ ಮೇಲೆ ಕಾಂಟೆ ಕಡ್ಡಿಯನ್ನು ತಿಕ್ಕಿ, ಕಪ್ಪು ರಾಶಿಯ ಪಕ್ಕ ಬೂದು ರಾಶಿ, ಅದರ ಪಕ್ಕ ಬಿಟ್ಟ ಬಿಳಿ, ಇಷ್ಟರಿಂದಲೇ ದೀಪದ ಕೆಳಗೆ ಹೊಲಿಯುತ್ತಿರುವ ಹೆಂಗಸು ಮೂಡಿಬಿಡುತ್ತಾಳೆ. ಪೇಂಟಿಂಗ್‌ನ ಪ್ರಶ್ನೆಯನ್ನೇ ಅವನು ಕಡ್ಡಿಯಲ್ಲಿ ಕೇಳುತ್ತಿದ್ದ: ಬೆಳಕಿನ ರಾಶಿ ಯಾವುದು, ಕತ್ತಲಿನ ರಾಶಿ ಯಾವುದು, ಅವು ಎಲ್ಲಿ ಮುಟ್ಟುತ್ತವೆ. ಲಾ ಗ್ರಾಂದ್ ಜಾಟ್ ಎಂಬ ದೊಡ್ಡ ಚಿತ್ರಕ್ಕೆ ಇಳಿದಾಗ ಅವನು ನದಿಯ ದಡಕ್ಕೆ ಹೊತ್ತುಕೊಂಡು ಹೋದದ್ದು ಸಣ್ಣ ಸಣ್ಣ ಮರದ ಹಲಗೆಗಳನ್ನು ಮತ್ತು ಎಣ್ಣೆಬಣ್ಣವನ್ನು. ಅಲ್ಲಿಯೇ ಕೂತು, ಬಣ್ಣದಲ್ಲಿಯೇ, ಹುಲ್ಲಿನ ಮೇಲಿನ ನೆರಳು ಯಾವ ಬಣ್ಣದ್ದೆಂದು ಹುಡುಕಿದ.

ದೆಗಾನ ದಾರಿ ಬೇರೆ. ಗೆರೆಯ ಮೇಲೆ ಅವನಷ್ಟು ಪ್ರೀತಿ ಇಟ್ಟವರು ವಿರಳ. ಆದರೆ ಅವನು ದಿನಕ್ಕೊಂದು ಹೊಸ ಪುಟದ ಹಿಂದೆ ಹೋಗಲಿಲ್ಲ. ಒಂದೇ ನರ್ತಕಿಯನ್ನು, ಅದೇ ಬಾಗಿದ ಬೆನ್ನನ್ನು ಟ್ರೇಸಿಂಗ್ ಕಾಗದದ ಮೇಲೆ ಎತ್ತಿಕೊಂಡು, ತಿದ್ದಿ, ಅದರ ಮೇಲೆ ಇನ್ನೊಂದು ಕಾಗದವಿಟ್ಟು ಮತ್ತೆ ತಿದ್ದಿ ಮುಂದುವರಿದ. ಹಳೆಯ ತಪ್ಪು ಕಾಗದದ ಕೆಳಗೆ ಕಾಣುತ್ತಲೇ ಇರುತ್ತಿತ್ತು. ಹೊಸ ಪುಟ ತೆರೆಯುವುದು ತಪ್ಪಿನಿಂದ ತಪ್ಪಿಸಿಕೊಳ್ಳುವ ಸುಲಭ ದಾರಿ. ದೆಗಾ ಆ ದಾರಿಯನ್ನು ತಾನೇ ಮುಚ್ಚಿಕೊಂಡ.

ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಪಕ್ಕದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ನಿಂತು ಮೋಡಗಳನ್ನು ಬರೆದ. ಒಂದಾದ ಮೇಲೊಂದು, ತೈಲವರ್ಣದಲ್ಲಿ, ಕಾಗದದ ಮೇಲೆ. ಎಷ್ಟೋ ಹಾಳೆಗಳ ಹಿಂದೆ ತಾರೀಕು, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟ. ಹೊರನೋಟಕ್ಕೆ ಇದು ದಿನಕ್ಕೊಂದು ಚಿತ್ರದ ಹಾಗೆಯೇ ಕಾಣುತ್ತದೆ, ಆದ್ದರಿಂದ ಎದುರಾಳಿಗಳು ಇದನ್ನೂ ತಮ್ಮ ಕಡೆ ಸೇರಿಸಿಕೊಂಡಾರು. ಆದರೆ ಕಾನ್‌ಸ್ಟೇಬಲ್ ಗುಡ್ಡ ಹತ್ತಿದ್ದು ದಿನಚರಿ ತುಂಬಲಿಕ್ಕಲ್ಲ. ಅವನ ಭೂದೃಶ್ಯಗಳಲ್ಲಿ ಆಕಾಶ ಹಿಂದೆ ಕಟ್ಟಿದ ಪರದೆಯ ಹಾಗೆ ಉಳಿಯಬಾರದು, ಕೆಳಗಿನ ಹೊಲಕ್ಕೆ ಬೆಳಕು ಮೇಲಿನ ಮೋಡದಿಂದಲೇ ಇಳಿಯಬೇಕು ಎಂಬ ಒಂದು ಸಂಕಟ ಅವನನ್ನು ಹತ್ತಿಸಿತು. ಗಾಳಿಯ ದಿಕ್ಕು ಬರೆದಿಟ್ಟದ್ದು ಅದಕ್ಕೇ. ಪ್ರಶ್ನೆ ಮೊದಲು ಬಂತು, ಅಭ್ಯಾಸ ಅದರ ಹಿಂದೆ ಬಂತು, ಬಣ್ಣದಲ್ಲೇ ಬಂತು.

ಡ್ರಾಯಿಂಗ್ ಇಲ್ಲದೆ ಪೇಂಟಿಂಗ್ ಇಲ್ಲ ಎಂಬ ಮಾತಿಗೂ ಇತಿಹಾಸ ಪೂರ್ತಿ ಒಪ್ಪಿಗೆ ಕೊಡುವುದಿಲ್ಲ. ವೆನಿಸ್ಸಿನವರು ಚೆನ್ನಾಗಿ ಡ್ರಾಯಿಂಗ್ ಕಲಿಯುವುದಿಲ್ಲ ಎಂದು ಮೈಕೆಲಾಂಜೆಲೋ ಟಿಷಿಯನ್‌ನ ದನಾಯೆ ಚಿತ್ರ ನೋಡಿ ಮರುಗಿದನೆಂದು ಕಲಾವಿದರ ಚರಿತ್ರೆ ಬರೆದ ವಸಾರಿ ದಾಖಲಿಸಿದ್ದಾನೆ. ಅದೇ ಟಿಷಿಯನ್‌ನಿಂದ ಮುಂದೆ ರೂಬೆನ್ಸ್, ವೆಲಾಸ್ಕೆಸ್ ಕಲಿತರು. ಜಾರ್ಜೋನೆಯ ಬಿರುಗಾಳಿ ಚಿತ್ರಕ್ಕೆ ಎಕ್ಸ್-ರೇ ಹಿಡಿದಾಗ ಎಡಗಡೆ ನಿಂತ ಗಂಡಸಿನ ಜಾಗದಲ್ಲಿ ಮೊದಲು ಒಬ್ಬ ನಗ್ನ ಹೆಂಗಸಿದ್ದದ್ದು ಕಂಡಿತು; ಅವನು ಕ್ಯಾನ್ವಾಸಿನ ಮೇಲೇ, ಬಣ್ಣದಲ್ಲೇ ಯೋಚನೆ ಬದಲಿಸುತ್ತಿದ್ದ. ಕರವಾಜ್ಜೋನದೆಂದು ಖಚಿತವಾಗಿ ಹೇಳಬಹುದಾದ ಒಂದು ಡ್ರಾಯಿಂಗೂ ಉಳಿದಿಲ್ಲ. ಉಳಿದಿಲ್ಲ ಎಂದರೆ ಬರೆಯಲಿಲ್ಲ ಎಂದು ಅರ್ಥವಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅವನ ಕ್ಯಾನ್ವಾಸಿನ ಹಸಿ ತಳದಲ್ಲಿ ಚೂಪು ತುದಿಯಿಂದ ಗೀರಿದ ಗುರುತುಗಳಿವೆ: ಮಾಡೆಲ್‌ನ ತಲೆ ಇಲ್ಲಿ, ಮೊಣಕೈ ಇಲ್ಲಿ. ಅಷ್ಟೇ ಗುರುತು ಮಾಡಿಕೊಂಡು ಕುಂಚ ಎತ್ತಿದ. ದಿನಕ್ಕೊಂದು ಡ್ರಾಯಿಂಗ್ ಎಂಬ ಏಣಿ ಹತ್ತದೆ ಈ ಮನೆಗೆ ಬರಲಾಗುವುದಿಲ್ಲ ಎನ್ನುವವರು ಇವರೆಲ್ಲ ಒಳಗೆ ಹೇಗೆ ಬಂದರೆಂದು ಹೇಳಬೇಕು.

ನಮ್ಮ ನೆಲದ ಉದಾಹರಣೆ ಕೊಟ್ಟು ನನ್ನನ್ನು ತಡೆಯುವವರೂ ಇದ್ದಾರೆ. ನಂದಲಾಲ್ ಬೋಸ್ ಶಾಂತಿನಿಕೇತನದಲ್ಲಿ ಬದುಕಿನುದ್ದಕ್ಕೂ ಸಣ್ಣ ಕಾರ್ಡುಗಳ ಮೇಲೆ ಮೇಕೆ, ತಾಳೆಮರ, ಸಂತಾಲ ಹೆಂಗಸರನ್ನು ಬರೆದು ಗೆಳೆಯರಿಗೆ, ಶಿಷ್ಯರಿಗೆ ಅಂಚೆಯಲ್ಲಿ ಕಳಿಸಿದರಲ್ಲ ಎನ್ನುತ್ತಾರೆ. ನಿಜ, ಅದು ಭಾರತೀಯ ಕಲೆಯ ದೊಡ್ಡ ಸಂಪತ್ತು. ಆದರೆ ಅವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಕುಂಚ ಮತ್ತು ಶಾಯಿ. 1924ರಲ್ಲಿ ರವೀಂದ್ರನಾಥರ ಜೊತೆ ಚೀನಾ, ಜಪಾನ್ ಸುತ್ತಿ ಬಂದವರು ಅವರು. ಅಲ್ಲಿ ಅಕ್ಷರ ಬರೆಯುವ ಕುಂಚವೇ ಬೆಟ್ಟವನ್ನೂ ಬರೆಯುತ್ತದೆ. ಡ್ರಾಯಿಂಗ್ ಮತ್ತು ಪೇಂಟಿಂಗ್ ನಡುವೆ ಗೋಡೆಯೇ ಇಲ್ಲ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲರು ಬರೆದ ಫಲಕಗಳಲ್ಲಿ ದಪ್ಪ ಕುಂಚದ ಒಂದೇ ಬೀಸು ಏಕಕಾಲಕ್ಕೆ ಗೆರೆಯೂ ಹೌದು, ಬಣ್ಣವೂ ಹೌದು. ಮೈಸೂರು ಶೈಲಿಯ ಚಿತ್ರಗಾರರೂ ಹೀಗೇ. ಹುಣಿಸೆ ಕಡ್ಡಿಯ ಇದ್ದಿಲಿನಿಂದ ಮೊದಲ ರೂಪ ಹಾಕಿಕೊಂಡ ಮೇಲೆ ಮುಖದ ರೇಖೆ ಮುಗಿಯುವುದು ಅಳಿಲಿನ ಕೂದಲಿನ ಕುಂಚದಲ್ಲಿ. ಅವರ ಶಿಷ್ಯರು ನಿತ್ಯ ಕುಂಚ ಹಿಡಿದರೆ ಅದು ಪೇಂಟಿಂಗ್‌ನ ಅಭ್ಯಾಸವೇ ಆಗುತ್ತದೆ, ಪಕ್ಕದಲ್ಲಿ ತಿದ್ದುವ ಹಿರಿಯರೂ ಇರುತ್ತಾರೆ. ಆ ಪರಂಪರೆಯ ಶ್ರಮವನ್ನು ತೋರಿಸಿ, ಬಾಲ್ ಪೆನ್ನಿನಲ್ಲಿ ಒಂಟಿಯಾಗಿ ತುಂಬಿದ ಪುಟಗಳಿಗೆ ಸಮರ್ಥನೆ ಪಡೆಯುವುದು ನ್ಯಾಯವಲ್ಲ.

ಕೆ.ಕೆ. ಹೆಬ್ಬಾರರ ಹೆಸರನ್ನು ಇಲ್ಲಿ ಹೇಳಲೇಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರ ನೃತ್ಯದ ರೇಖೆಗಳು ಕನ್ನಡಿಗರೆಲ್ಲರ ಹೆಮ್ಮೆ. ಹಾಡುವ ರೇಖೆ ಎಂಬ ಅರ್ಥದ ಹೆಸರಿನಲ್ಲಿಯೇ ಅವರ ರೇಖಾಚಿತ್ರಗಳ ಪುಸ್ತಕ ಬಂತು. ಆ ರೇಖೆಗೆ ಲಯ ಎಲ್ಲಿಂದ ಬಂತು? ಹೆಬ್ಬಾರರು ಕಥಕ್ ಕಲಿತರು. ನರ್ತಕಿಯನ್ನು ಹೊರಗಿನಿಂದ ಸಾವಿರ ಸಲ ಬರೆಯುವುದರ ಜೊತೆಗೆ, ಹೆಜ್ಜೆಯ ತೂಕ ಎಲ್ಲಿ ಬೀಳುತ್ತದೆ, ಮೈ ಯಾವಾಗ ತಿರುಗಲು ಸಿದ್ಧವಾಗುತ್ತದೆ ಎಂಬುದನ್ನು ತಮ್ಮ ಮೈಯಲ್ಲೇ ತಿಳಿದುಕೊಂಡರು. ಪೆನ್ಸಿಲ್ ಕೆಳಗಿಟ್ಟು ಕಲಿತದ್ದು ಪೆನ್ಸಿಲ್ಲಿಗೆ ಬಂತು. ದಿನದ ಲೆಕ್ಕ ಇಡುವವರ ಪುಸ್ತಕದಲ್ಲಿ ಕಥಕ್ ತರಗತಿಗೆ ಹೋದ ಸಂಜೆ ಖಾಲಿ ಪುಟವಾಗಿ ಬೀಳುತ್ತದೆ.

ಇನ್ನು ಚಿತ್ರಕಾರ ವೆಂಕಟಪ್ಪನವರ ಊಟಿಯ ಜಲವರ್ಣಗಳು. ಅಲ್ಲಿ ಹಿಡಿದುಕೊಳ್ಳಲು ಗೆರೆ ಎಂಬುದೇ ಹೆಚ್ಚಿಲ್ಲ. ಮಂಜು, ಅದರ ಹಿಂದೆ ಇನ್ನೊಂದು ಮಂಜು, ಆಚೆ ನೀಲಿಯಾಗುತ್ತಾ ಹೋಗುವ ಬೆಟ್ಟ. ಇಂಥದನ್ನು ಬರೆಯಲು ಕಾಗದ ಎಷ್ಟು ಒದ್ದೆ ಇದ್ದಾಗ ಬಣ್ಣ ಇಡಬೇಕು, ಎಷ್ಟು ಒಣಗಿದಾಗ ಇಟ್ಟರೆ ಅಂಚು ನಿಲ್ಲುತ್ತದೆ, ಯಾವ ಬಣ್ಣ ಒಣಗಿದ ಮೇಲೆ ಎಷ್ಟು ತಿಳಿಯಾಗುತ್ತದೆ ಎಂಬುದು ಬೆರಳಿಗೆ ಗೊತ್ತಿರಬೇಕು. ಪೆನ್ಸಿಲ್ಲಿನ ಯಾವ ಪುಟವೂ ಇದನ್ನು ಕಲಿಸಲಾರದು. ಒದ್ದೆ ಕಾಗದದ ಮುಂದೆ ಕೂತು, ಹಾಳು ಮಾಡಿ, ಮತ್ತೆ ಕೂತು ಕಲಿಯಬೇಕು.

ಹಾಗಾದರೆ ಈ ಉಪದೇಶ ಇಷ್ಟು ಗಟ್ಟಿಯಾಗಿ ಯಾಕೆ ನಿಂತಿದೆ? ಹೇಳುವವರಿಗೆ ಅದು ಸುಲಭ, ಅದಕ್ಕೆ. ನಲವತ್ತು ಜನರ ತರಗತಿಯಲ್ಲಿ ಪ್ರತಿಯೊಬ್ಬರ ಪಕ್ಕ ಕೂತು ಚೊಂಬಿನ ತಳ ತೋರಿಸುವುದು ಬೆನ್ನು ಮುರಿಯುವ ಕೆಲಸ. ಪುಟ ಎಣಿಸಿ ಸಹಿ ಹಾಕುವುದು ಅಲ್ಲ. ದಿನಾ ಮಾಡು ಎಂದು ಹೇಳಿದ ಕೂಡಲೇ ಕಲಿಸುವ ಹೊಣೆ ಗುರುವಿನ ಹೆಗಲಿನಿಂದ ಇಳಿದು ವಿದ್ಯಾರ್ಥಿಯ ಹೆಗಲೇರುತ್ತದೆ. ಚಿತ್ರ ಬಂದರೆ ಉಪದೇಶ ಫಲಿಸಿತು. ಬಾರದಿದ್ದರೆ ವಿದ್ಯಾರ್ಥಿ ಸರಿಯಾಗಿ ಮಾಡಲಿಲ್ಲ. ಎಂದೂ ಸುಳ್ಳಾಗದ ಹಾಗೆ ಕಟ್ಟಿದ ಮಾತು ಇದು. ನನಗೆ ಇದರಲ್ಲಿ ಹೆಚ್ಚು ನೋವು ಕೊಡುವುದು ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದು. ಹಳ್ಳಿಯಿಂದ ಬಂದು, ಮನೆಯಲ್ಲಿ ಚಿತ್ರದ ಗಂಧವೇ ಇಲ್ಲದೆ, ಬೆಳಿಗ್ಗೆ ಫ್ಲೆಕ್ಸ್ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು, ಸಂಜೆ ತರಗತಿಗೆ ಬರುವ ಹುಡುಗನಿಗೆ ದಿನದ ಲೆಕ್ಕ ತಪ್ಪುತ್ತದೆ. ಮನೆಗೆಲಸ ಮುಗಿಸಿ ಭಾನುವಾರವಷ್ಟೇ ಕುಂಚ ಹಿಡಿಯಬಲ್ಲ ಹೆಣ್ಣುಮಗಳಿಗೂ ತಪ್ಪುತ್ತದೆ. ತಮ್ಮ ಬಣ್ಣ ಕೆಸರಾಗಲು ತಮ್ಮ ಸೋಮಾರಿತನವೇ ಕಾರಣ ಎಂದು ಅವರು ನಂಬಿಬಿಡುತ್ತಾರೆ. ನಿಜವಾದ ಕಾರಣ, ಪ್ಯಾಲೆಟ್ಟಿನಲ್ಲಿ ಮೂರು ಬಣ್ಣಕ್ಕಿಂತ ಹೆಚ್ಚು ಬೆರೆಸಬೇಡ, ಕುಂಚ ತೊಳೆದು ಬಟ್ಟೆಗೆ ಒರೆಸಿ ಮುಂದಿನ ಬಣ್ಣಕ್ಕೆ ಹೋಗು ಎಂದು ಯಾರೂ ಹೇಳಿಕೊಡದೇ ಇದ್ದದ್ದು. ಎರಡು ನಿಮಿಷದ ಪಾಠ. ಅದರ ಬದಲು ಅವರಿಗೆ ಜೀವನಪೂರ್ತಿಯ ಅಪರಾಧಭಾವ ಸಿಕ್ಕಿದೆ.

ರೂಢಿಯ ಪರವಾಗಿ ಒಂದು ಒಳ್ಳೆಯ ವಾದವಿದೆ, ಅದಕ್ಕೆ ಉತ್ತರ ಹೇಳದೆ ಹೋಗಲಾರೆ. ಖಾಲಿ ಹಾಳೆಯ ಭಯ ಹೋಗಬೇಕಾದರೆ ದಿನವೂ ಹಾಳೆ ಮುಟ್ಟಬೇಕು. ಶುರುವಿನಲ್ಲಿ ತಪ್ಪು ಸರಿ ನೋಡದೆ ಕೈ ಓಡಬೇಕು. ಇದು ನಿಜ. ಮೊದಲ ಕೆಲವು ತಿಂಗಳು ಭಯ ಕಳೆಯಲು ಪುಟ ತುಂಬುವವರನ್ನು ನಾನು ತಡೆಯುವುದಿಲ್ಲ. ಸಂಜೆ ಕಬ್ಬನ್ ಪಾರ್ಕಿನಲ್ಲಿ ಕೂತು ಮನಸ್ಸಿನ ಸಂತೋಷಕ್ಕೆ ಬರೆಯುವವರನ್ನಂತೂ ಖಂಡಿತ ಇಲ್ಲ; ಆ ಸಂತೋಷಕ್ಕೆ ಯಾವ ಸಮರ್ಥನೆಯೂ ಬೇಡ. ಆದರೆ ಭಯ ಹೋದದ್ದೇ ವಿದ್ಯೆ ಬಂದದ್ದಲ್ಲ. ಭಯ ಹೋದ ಮೇಲೂ ಅದೇ ಔಷಧಿಯನ್ನು ಬರೆದುಕೊಡುತ್ತಾ ಹೋಗುವುದನ್ನು ನಾನು ವಿರೋಧಿಸುತ್ತೇನೆ. ಅಲ್ಲಿಂದ ಮುಂದೆ ಕೈಗೆ ಸುಲಭವಾದದ್ದನ್ನು ಮಾಡಿಸುವ ಪ್ರತಿ ದಿನವೂ ವಿದ್ಯಾರ್ಥಿಯನ್ನು ಇದ್ದಲ್ಲೇ ಇಡುವ ದಿನ.

ಬೇರೆ ದಾರಿಗಳು ಹೊಸದಾಗಿ ಕಂಡುಹಿಡಿಯಬೇಕಾದವೂ ಅಲ್ಲ. ಪ್ಯಾರಿಸ್‌ನಲ್ಲಿ ಲೆಕಾಕ್ ದ ಬ್ವಾಬೋದ್ರಾಂ ಎಂಬ ಶಿಕ್ಷಕ ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲೇ ನೆನಪಿನಿಂದ ಬರೆಯುವ ಪಾಠ ಕಟ್ಟಿದ. ವಸ್ತುವನ್ನು ಚೆನ್ನಾಗಿ ನೋಡು, ಅದನ್ನು ಬಿಟ್ಟು ಬಾ, ನೆನಪಿನಿಂದ ಬರೆ, ಮರಳಿ ಹೋಗಿ ಹೋಲಿಸು. ರೊದಾಂ, ಫಾಂತಾಂ-ಲಾತೂರ್ ಅವನ ಕೈಯಲ್ಲಿ ಕಲಿತವರು. ನೆನಪಿನಿಂದ ಬರೆಯಬೇಕೆಂದು ಗೊತ್ತಿದ್ದರೆ ನೋಡುವ ರೀತಿಯೇ ಬದಲಾಗುತ್ತದೆ. ಕಣ್ಣು ಅಳತೆ ಹಿಡಿಯುತ್ತದೆ: ಬಾಯಿಯ ಅಗಲ ಎತ್ತರದ ಎಷ್ಟನೇ ಪಾಲು, ಹೊಳಪು ಎಲ್ಲಿ ಬಿದ್ದಿದೆ, ನೆರಳು ಎತ್ತ ಹೋಗಿದೆ. ಇದಕ್ಕೆ ಸ್ಕೆಚ್‌ಬುಕ್ಕೇ ಬೇಡ. ಬಸ್ಸಿನಲ್ಲಿ ನಿಂತುಕೊಂಡೂ ಮಾಡಬಹುದು. ದುಡಿದು ಸಂಜೆ ತರಗತಿಗೆ ಬರುವ ಹುಡುಗನಿಗೆ ಇದು ಎಟುಕುತ್ತದೆ.

ಕಲಾಶಾಲೆಗಳಲ್ಲಿ ಮಾರ್ಕ್ಸ್ ಕೊಡುವವರಿಗೆ ನನ್ನ ಕೋರಿಕೆ ಇದು. ಸಬ್ಮಿಷನ್ನಿನ ಸಂಖ್ಯೆಯನ್ನು ತೆಗೆದುಹಾಕಿ. ವಾರಕ್ಕೆ ಒಂದೇ ವಸ್ತು ಕೊಡಿ, ಚೊಂಬು ಆಗಬಹುದು, ಮಡಿಸಿದ ಕಂಬಳಿ ಆಗಬಹುದು. ಸೋಮವಾರ ಒಂದು ಹಾಳೆ 2ಬಿ ಪೆನ್ಸಿಲ್ಲಿನಲ್ಲಿ. ಮಂಗಳವಾರ ನೀವು ಅದರ ಪಕ್ಕ ಕೂತು ತಪ್ಪಿನ ಮೇಲೆ ಕೆಂಪು ಗೆರೆ ಹಾಕಿ, ವಿದ್ಯಾರ್ಥಿ ಅದೇ ವಸ್ತುವನ್ನು ಅದೇ ಜಾಗದಿಂದ ಮತ್ತೆ ಬರೆಯಲಿ. ಬುಧವಾರ ಗೆರೆ ಇಲ್ಲದೆ, ಇದ್ದಿಲಿನಲ್ಲಿ, ಕತ್ತಲು ನಡು ಬೆಳಕು ಮೂರೇ ಛಾಯೆಯಲ್ಲಿ. ಗುರುವಾರ ವಸ್ತುವನ್ನು ಬಟ್ಟೆ ಮುಚ್ಚಿ ನೆನಪಿನಿಂದ. ಶುಕ್ರವಾರ ಮತ್ತು ಶನಿವಾರ ಕುಂಚದಲ್ಲಿ, ಕೆಳಗೆ ಪೆನ್ಸಿಲ್ ಗೆರೆ ಹಾಕದೆ, ಬಣ್ಣದ ರಾಶಿಯಿಂದ ರಾಶಿಗೆ. ಆರು ಹಾಳೆಗಳನ್ನು ಸಾಲಾಗಿ ಗೋಡೆಗೆ ಹಚ್ಚಿ, ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ದೂರಕ್ಕೆ ಮಾರ್ಕ್ಸ್ ಕೊಡಿ. ಒಂದು ಹಾಳೆ ಕಡಿಮೆಯಾದರೆ ಯಾಕೆಂದು ಕೇಳಿ, ಮಾರ್ಕ್ಸ್ ಕಳೆಯಬೇಡಿ. ಇದಕ್ಕೆ ತರಗತಿ ಚಿಕ್ಕದಿರಬೇಕು, ಕಲಿಸುವವರು ಹೆಚ್ಚಬೇಕು, ಖಾಲಿ ಬಿದ್ದ ಹುದ್ದೆಗಳು ತುಂಬಬೇಕು. ಅದನ್ನು ಕೇಳುವ ಹೊಣೆ ವಿದ್ಯಾರ್ಥಿಯದಲ್ಲ, ನಮ್ಮದು.